ವೇಲ್ಸ್‌ಗೆ ಬಿದ್ದ ಒಂದು ವೋಟು

ನಾಗಭೂಷಣ ಅವರು ನಿವೃತ್ತರಾಗಲೇಬಾರದಿತ್ತು. ಹಡರ್ಸ್‌ಫೀಲ್ಡಿನ ಗಿರಣಿಯಲ್ಲಿ ಎಂಜಿನಿಯರಾಗಿದ್ದಷ್ಟು ದಿನ ಅವರು ನಮಗೆ ಯುಗಾದಿಗೂ ದೀಪಾವಳಿಗೂ ಮಾತ್ರ ಸಿಗುತ್ತಿದ್ದರು, ಸಿಕ್ಕಾಗ ಹೊಟ್ಟೆ ಹುಣ್ಣಾಗುವ ಹಾಗೆ ನಗಿಸುತ್ತಿದ್ದರು. ಕೆಲಸ ಬಿಟ್ಟ ಮೇಲೆ ಮಗ ಒಂದು ಕಂಪ್ಯೂಟರ್ ತಂದುಕೊಟ್ಟ. ಯಾರ್ಕ್‌ಶೈರಿನಿಂದ ನಾಟಿಂಗ್‌ಹ್ಯಾಮ್‌ವರೆಗಿನ ಕನ್ನಡದವರನ್ನೆಲ್ಲ ಇವರು ಒಂದು ಯಾಹೂ ಗುಂಪಿಗೆ ಎಳೆದು ಹಾಕಿದರು. ಬೆಳಿಗ್ಗೆ ಎದ್ದರೆ ಜೋಕು, ಮಧ್ಯಾಹ್ನ ಶ್ಲೋಕ, ಸಂಜೆಗೆ ಯಾರದೋ ಮನೆಯ ಬೆಕ್ಕು ಕಳೆದುಹೋದ ಸುದ್ದಿ. ನಾನು ಲೀಡ್ಸಿನಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್. ದಿನಕ್ಕೆ ನಲವತ್ತು ಜನರ ಕೆಮ್ಮು ಕೇಳಿ ಮನೆಗೆ ಬಂದರೆ ಈ ಮನುಷ್ಯನ ಹನ್ನೊಂದು ಮೇಲ್ ಕಾದಿರುತ್ತಿದ್ದವು.

ಅದು ಎರಡು ಸಾವಿರದ ಎರಡನೆಯ ಇಸವಿ, ಮ್ಯಾಂಚೆಸ್ಟರಿನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ಗುಂಪಿನವರೆಲ್ಲ ಬಸ್ಸು ಮಾಡಿಕೊಂಡು ಹಾಕಿ ಪಂದ್ಯಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ಆ ಕೂಟದಲ್ಲಿ ಬ್ರಿಟನ್ ಎಂಬ ಒಂದೇ ತಂಡ ಇರುವುದಿಲ್ಲ. ಇಂಗ್ಲೆಂಡ್ ಬೇರೆ, ಸ್ಕಾಟ್ಲೆಂಡ್ ಬೇರೆ, ವೇಲ್ಸ್ ಬೇರೆ. ನಾಗಭೂಷಣ ಅವರಿಗೆ ಅಷ್ಟು ಸಾಕಾಯಿತು. ಮೇ ತಿಂಗಳ ಒಂದು ಭಾನುವಾರ ಗುಂಪಿನಲ್ಲಿ ಮತದಾನ ಇಟ್ಟರು.

“ಬಂಧುಗಳೇ, ಇಂಡಿಯಾ ಆಡ್ತಿದ್ರೆ ನಾವೆಲ್ಲ ಇಂಡಿಯಾ, ಅದರಲ್ಲಿ ಎರಡು ಮಾತಿಲ್ಲ. ಇಂಡಿಯಾ ಆಡದೇ ಇದ್ದಾಗ ನೀವ್ಯಾರು? ಸ್ಕಾಟಿಷಾ, ವೆಲ್ಷಾ, ಇಂಗ್ಲಿಷಾ? ಒಂದನ್ನೇ ಒತ್ತಿ. ಮೂರೂ ಅನ್ನೋರಿಗೆ ಬಸ್ಸಲ್ಲಿ ಪುಳಿಯೋಗರೆ ಇಲ್ಲ.”

ಇದು ಬೇರೆಯವರಿಗೆ ಬರಿಯ ತಮಾಷೆ, ನಮಗೆ ಹಾಗಲ್ಲ. ನಮ್ಮಲ್ಲಿ ಅರ್ಧಕ್ಕರ್ಧ ಡಾಕ್ಟರುಗಳು. ಬಂದ ಹೊಸತರಲ್ಲಿ ಆರಾರು ತಿಂಗಳಿಗೊಂದು ಊರು. ಕೆಲಸ ಕೊಟ್ಟ ಕಡೆಗೆ ಸೂಟ್‌ಕೇಸು, ಕುಕ್ಕರು ಹೊತ್ತುಕೊಂಡು ಹೋಗುವುದು. ಯಾರ ಮಗು ಎಲ್ಲಿ ಹುಟ್ಟಬೇಕು ಎಂಬುದನ್ನು ಆಸ್ಪತ್ರೆಯ ರೋಟಾ, ಅಂದರೆ ಡ್ಯೂಟಿ ಪಟ್ಟಿ, ತೀರ್ಮಾನಿಸುತ್ತಿತ್ತು. ಹಾಗಾಗಿ ಎಲ್ಲರ ಬಳಿಯೂ ಒಂದೊಂದು ಕಥೆ ಇತ್ತು.

ಧಾರವಾಡದ ಮೃತ್ಯುಂಜಯ, ಕಣ್ಣಿನ ಡಾಕ್ಟರು, ಮೊದಲು ಎದ್ದು ನಿಂತರು. “ನಾ ಅಬರ್ಡೀನ್‌ನಾಗ ಎರಡು ಚಳಿಗಾಲ ತಗದೇನ್ರಿ. ಆ ಸಮುದ್ರದ ಗಾಳಿಗೆ ನನ್ನ ಮೀಸಿ ಉದುರಿ ಹೋತು. ನಾ ಸ್ಕಾಟಿಷ್ ಅಲ್ಲಂದ್ರ ಮತ್ತ್ಯಾರು?”

ಹತ್ತು ನಿಮಿಷಕ್ಕೆ ಅವರ ಹೆಂಡತಿ ಶೋಭಾ ಅದೇ ಮನೆಯಿಂದ, ಅದೇ ಕಂಪ್ಯೂಟರಿನಿಂದ ಉತ್ತರ ಕೊಟ್ಟರು. “ಮೀಸಿ ಹೋಗಿದ್ದು ನಾ ಬೋಳಸ್ರಿ ಅಂದಿದ್ದಕ್ಕ. ನನ್ನ ವೋಟು ಇಂಗ್ಲೆಂಡಿಗೆ.”

ಬೀಸ್ಟನ್ನಿನ ದತ್ತಾತ್ರೇಯ, ತಾವು ಕೌನ್ಸಿಲ್ ಟ್ಯಾಕ್ಸ್ ಎಲ್ಲಿ ಕಟ್ಟುತ್ತಾರೋ ಅದೇ ತಮ್ಮ ದೇಶ, ಎರಡನೆಯ ಮಾತಿಲ್ಲ ಎಂದರು. ಒಂದು ವಾರ ನಡೆಯಿತು ಈ ಗದ್ದಲ. ನಾನೂ ನಕ್ಕೆ, ಇಂಗ್ಲೆಂಡಿಗೆ ಒತ್ತಿ ಸುಮ್ಮನಾದೆ. ವಾರದ ಕೊನೆಗೆ ಫಲಿತಾಂಶ ಬಂತು: ಇಂಗ್ಲೆಂಡಿಗೆ ಇಪ್ಪತ್ತೆರಡು, ಸ್ಕಾಟ್ಲೆಂಡಿಗೆ ಒಂಬತ್ತು, ವೇಲ್ಸ್‌ಗೆ ಒಂದು.

ಆ ಒಂದನ್ನು ಹಿಡಿದು ಎಲ್ಲರೂ ಕಾಲೆಳೆಯತೊಡಗಿದರು. ಯಾರಪ್ಪಾ ಆ ಕಳ್ಳ, ಮುಂದೆ ಬರಲಿ, ಅವರಿಗೆ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಸೀಟು ಎಂದರು ನಾಗಭೂಷಣ. ಮುಂದೆ ಬಂದವಳು ನನ್ನ ಮಗಳು ತನ್ವಿ. ಹದಿನೇಳು ವರ್ಷದವಳು. ಅವಳ ತಮ್ಮ ಈಶಾನ್ ಇದೆಲ್ಲದರ ಗೋಜಿಗೇ ಹೋಗದೆ ಫುಟ್‌ಬಾಲ್ ಆಡಿಕೊಂಡಿದ್ದ. ಇವಳು ಮಾತ್ರ ಅಂಕಲ್‌ಗಳ ಜೊತೆ ವಾದಕ್ಕೆ ಇಳಿದಳು. ನಾನು ಹುಟ್ಟಿದ್ದು ವೇಲ್ಸ್‌ನಲ್ಲಿ, ಅದಕ್ಕೇ ಒತ್ತಿದೆ ಎಂದು ಬರೆದಳು. ಮೃತ್ಯುಂಜಯ ಬಿಡುತ್ತಾರೆಯೇ? “ರೋಟಾದಾಗ ಹುಟ್ಟಿದ್ದು ಲೆಕ್ಕಕ್ಕಿಲ್ಲವ್ವಾ. ಪುರಾವೆ ಏನೈತಿ, ಸರ್ಟಿಫಿಕೇಟ್ ತಗಿ!”

ಅವಳು ಹೋಗಿ ಬೀರುವಿನಿಂದ ತನ್ನ ಜನನ ಪತ್ರ ತೆಗೆದಳು.

ನಾನು ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಅವಳು ಕಾಗದ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು ನಮ್ಮ ಮನೆಯ ಪದ್ಧತಿ.

“ಅಮ್ಮಾ, ನಾವು ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಇದ್ವಿ ಅಂತ ಹೇಳಿದ್ದೆ ಅಲ್ವಾ? ಇಲ್ಲಿ ನಿನ್ನ ವಿಳಾಸ ಅಂತ ಯಾವುದೋ ಮನೆ ಇದೆ. ಮನೆಗೊಂದು ಹೆಸರೂ ಇದೆ. ಯಾರ ಮನೆ ಇದು?”

ಆ ಪತ್ರದಲ್ಲಿ ತಾಯಿಯ ವಿಳಾಸದ ಕಾಲಮ್ಮೊಂದು ಇರುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು.

“ಯಾರೋ ಬಾಡಿಗೆಗೆ ಕೊಟ್ಟಿದ್ರು. ಹೆಸರು ನೆನಪಿಲ್ಲ.”

“ಒಂದೂವರೆ ವರ್ಷ ಇದ್ದು ಹೆಸರು ನೆನಪಿಲ್ವಾ?”

“ಪರೀಕ್ಷೆ ಇಟ್ಕೊಂಡು ಇದೇನೇ ನಿನ್ನದು ತಲೆಹರಟೆ? ಆ ನಾಗಭೂಷಣ ಅವರಿಗಂತೂ ಕೆಲಸ ಇಲ್ಲ, ನಿನಗೂ ಇಲ್ವಾ? ಹೋಗು, ಓದ್ಕೋ ಹೋಗು!” ಎಂದು ಕೂಗಾಡಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೆದರಿದಾಗ ಅದು ಇನ್ನೂ ಜೋರಾಗುತ್ತದೆ ಎನ್ನುವುದು ನನಗೆ ಮಾತ್ರ ಗೊತ್ತು. ಒಗ್ಗರಣೆ ಸೀದುಹೋಗಿತ್ತು.

ಹೆಸರು ನೆನಪಿಲ್ಲದೆ ಏನು? ಮಿಸೆಸ್ ಪ್ರಿಚರ್ಡ್.

ಎಂಬತ್ತೈದರಲ್ಲಿ ನನಗೆ ಇಪ್ಪತ್ತೇಳು ವರ್ಷ. ನನ್ನ ಗಂಡ ದಿನೇಶನಿಗೆ ದೂರದ ಹಲ್‌ನಲ್ಲಿ ಕೆಲಸ, ನನಗೆ ಉತ್ತರ ವೇಲ್ಸಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ. ವಾರಕ್ಕೆ ತೊಂಬತ್ತು ಗಂಟೆ ದುಡಿಮೆ. ಕ್ವಾರ್ಟರ್ಸಿನಲ್ಲಿ ಮಗು ಇಟ್ಟುಕೊಳ್ಳುವ ಹಾಗಿಲ್ಲ ಎಂದರು. ಯಾರೋ ಒಬ್ಬ ನರ್ಸ್, ಬೆಟ್ಟದ ಮೇಲಿನ ಬೀದಿಯಲ್ಲಿ ಒಬ್ಬ ವಿಧವೆ ಮಹಡಿಯ ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ ಎಂದಳು. ಹೋದೆ. ಆಕೆ ನನ್ನ ಬಸುರಿ ಹೊಟ್ಟೆ ನೋಡಿ, ಕೈಯಿಂದ ಸೂಟ್‌ಕೇಸು ಕಿತ್ತುಕೊಂಡು ತಾನೇ ಮೆಟ್ಟಿಲು ಹತ್ತಿದರು. ನನ್ನನ್ನು ‘ಡಾಕ್ಟರ್ ಬಾಖ್’ ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ಪುಟ್ಟ ಡಾಕ್ಟರ್ ಎಂದು ಅರ್ಥ.

ತನ್ವಿಗೆ ಮೂರು ತಿಂಗಳಾದಾಗ ನಾನು ಕೆಲಸಕ್ಕೆ ಮರಳಿದೆ. ಮಗುವನ್ನು ನೋಡಿಕೊಂಡವರು ಮಿಸೆಸ್ ಪ್ರಿಚರ್ಡ್. ಶುಕ್ರವಾರ ಬೆಳಿಗ್ಗೆ ಹೋದರೆ ಸೋಮವಾರ ಸಂಜೆ ಬರುತ್ತಿದ್ದೆ. ಹಾಲು ಎಷ್ಟು, ಔಷಧ ಯಾವಾಗ ಎಂದು ಚೀಟಿಯಲ್ಲಿ ಬರೆದಿಟ್ಟು ಓಡುತ್ತಿದ್ದೆ. ಊರಲ್ಲಿ ನನ್ನ ತಾಯಿ ಇದ್ದಿದ್ದರೆ ಎಷ್ಟು ಮಾಡುತ್ತಿದ್ದರೋ ಅದಕ್ಕಿಂತ ಒಂದು ಕೈ ಹೆಚ್ಚೇ ಮಾಡಿದರು ಆಕೆ. ಇದನ್ನು ಇವತ್ತು ಹೇಳುತ್ತಿದ್ದೇನೆ. ಆಗ ಹೇಳಿರಲಿಲ್ಲ.

ಮರುವರ್ಷ ಜೂನ್ ತಿಂಗಳ ಒಂದು ಸೋಮವಾರ ಬಂದು, ಕೋಟು ಕೂಡ ಬಿಚ್ಚದೆ ಎರಡೂ ಕೈ ಚಾಚಿದೆ. ತನ್ವಿ ನನ್ನನ್ನು ನೋಡಿ ಮುಖ ತಿರುಗಿಸಿದಳು. ಮಿಸೆಸ್ ಪ್ರಿಚರ್ಡ್ ಅವರ ಕತ್ತು ಹಿಡಿದುಕೊಂಡು ‘ಮಾಮ್’ ಎಂದಳು. ಅಲ್ಲಿನವರು ಅಮ್ಮನಿಗೆ ಹಾಗೆ ಅನ್ನುತ್ತಾರೆ. ಆಕೆ ಗಾಬರಿಯಾಗಿ, “ಇಲ್ಲ ಚಿನ್ನ, ಅಲ್ನೋಡು, ನಿನ್ನ ಅಮ್ಮ ಅಲ್ಲಿದ್ದಾಳೆ” ಎಂದು ಮಗುವನ್ನು ನನ್ನ ಕಡೆ ಚಾಚಿದರು. ಮಗು ಕಿಟಾರನೆ ಕಿರುಚಿತು. ನನ್ನ ಮೈಯೆಲ್ಲ ಉರಿದುಹೋಯಿತು. ಹೊಟ್ಟೆಕಿಚ್ಚು, ಬೇರೇನೂ ಅಲ್ಲ. ಇನ್ನೂ ಆರು ತಿಂಗಳು ಅಲ್ಲೇ ಕೆಲಸ ಇತ್ತು, ಬೇಡ ಎಂದು ಬರೆದುಕೊಟ್ಟೆ. ಆಗಸ್ಟ್ ಒಂದಕ್ಕೆ ಲೀಡ್ಸಿಗೆ ಬಂದುಬಿಟ್ಟೆ. ಹೊರಡುವಾಗ ಆಕೆಯ ಮುಖ ನೋಡಿ ಒಂದು ಥ್ಯಾಂಕ್ಸ್ ಕೂಡ ಸರಿಯಾಗಿ ಹೇಳಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ದೇವರು ಕ್ಷಮಿಸುತ್ತಿದ್ದನೇನೋ. ಆಸ್ಪತ್ರೆಯಲ್ಲಿ ನನ್ನ ವಿಳಾಸ ಕೇಳಿಕೊಂಡಿರಬೇಕು, ಮುಂದಿನ ಮಾರ್ಚಿನಲ್ಲಿ ತನ್ವಿಯ ಹುಟ್ಟುಹಬ್ಬಕ್ಕೆ ಆಕೆಯಿಂದ ಕಾರ್ಡು ಬಂತು. ಲಕೋಟೆಯ ಮೇಲೆ ತನ್ವಿಯ ಹೆಸರು. ನಾನು ಒಡೆಯಲಿಲ್ಲ. ‘ಈ ವಿಳಾಸದಲ್ಲಿ ಇಂಥವರು ಯಾರೂ ಇಲ್ಲ’ ಎಂದು ನನ್ನ ಕೈಯಾರೆ ಬರೆದು ವಾಪಸು ಅಂಚೆಗೆ ಹಾಕಿದೆ. ಮರುವರ್ಷವೂ ಬಂತು. ಅದರ ಮರುವರ್ಷವೂ ಬಂತು. ಮೂರು ಸಲ ಬರೆದೆ ಅದೇ ಸಾಲನ್ನು. ಆಮೇಲೆ ಬರಲಿಲ್ಲ. ಈ ವಿಷಯ ದಿನೇಶನಿಗೂ ಗೊತ್ತಿರಲಿಲ್ಲ.

ಈಗ ಮಗಳಿಗೆ ಗೊತ್ತಾದರೆ ನನ್ನನ್ನು ಏನೆಂದುಕೊಂಡಾಳು? ಅದೊಂದೇ ನನ್ನ ಭಯ. ಮುಂದಿನ ವರ್ಷ ಅವಳು ಯೂನಿವರ್ಸಿಟಿಗೆ ಹೋಗುತ್ತಾಳೆ. ಹೋಗುವ ಮಕ್ಕಳು ತಿರುಗಿ ಬರುವುದು ಮನಸ್ಸಿದ್ದರೆ ತಾನೇ?

ನಾನು ಕೂಗಾಡಿದರೆ ತನ್ವಿ ಸುಮ್ಮನಾಗುತ್ತಾಳೆ, ಬಿಟ್ಟುಬಿಡುವುದಿಲ್ಲ. ಥೇಟು ನನ್ನ ಹಾಗೆ. ನನಗೆ ಹೇಳದೆ ಆ ವಿಳಾಸಕ್ಕೆ ಒಂದು ಕಾಗದ ಹಾಕಿದ್ದಳು: ನಾನು ಎಂಬತ್ತೈದರಲ್ಲಿ ನಿಮ್ಮ ಮನೆಯಲ್ಲಿದ್ದ ಮಗು, ನನ್ನನ್ನು ವೆಲ್ಷ್ ಅಂತ ಇಲ್ಲಿ ಯಾರೂ ನಂಬುತ್ತಿಲ್ಲ, ನಿಮಗೇನಾದರೂ ಗೊತ್ತೇ?

ಜೂನ್ ಕೊನೆಯಲ್ಲಿ ನಾನು ಕ್ಲಿನಿಕ್ ಮುಗಿಸಿ ಬಂದಾಗ ಅವಳು ಸೋಫಾದಲ್ಲಿ ಕೂತು ಉತ್ತರ ಓದುತ್ತಿದ್ದಳು. ಕಣ್ಣು ಹೊಳೆಯುತ್ತಿದ್ದವು.

“ಅವರು ಬದುಕಿದ್ದಾರೆ ಅಮ್ಮಾ! ಎಪ್ಪತ್ತೆಂಟು ವರ್ಷ ಅಂತೆ. ಕೇಳು, ‘ನೀನು ವೆಲ್ಷ್ ಅನ್ನೋದಕ್ಕೆ ನಾನೇ ಪುರಾವೆ. ನನ್ನ ಅಡುಗೆಮನೆಯಲ್ಲಿ ನಿನಗೆ ಮೊದಲ ಹಲ್ಲು ಬಂತು, ನನ್ನ ಬೆರಳಿನ ಮೇಲೇ ಪ್ರಯೋಗ ಮಾಡಿದೆ. ಆ ಡಾಕ್ಟರುಗಳಿಗೆ ಹೇಳು, ಬೇಕಾದರೆ ಬೆರಳು ತೋರಿಸ್ತೀನಿ.’ ಎಷ್ಟು ತಮಾಷೆಯಾಗಿ ಬರೆದಿದ್ದಾರೆ ನೋಡು! ನೀನು ಹೇಗೆ ಅವರನ್ನ ಮರೆತೆ?”

“ಇನ್ನೇನು ಬರೆದಿದ್ದಾರೆ?”

“ಗೇಮ್ಸ್‌ಗೆ ಬರ್ತಾರಂತೆ. ಅವರ ಚರ್ಚಿನ ಹೆಂಗಸರೆಲ್ಲ ಬಸ್ಸು ಮಾಡ್ಕೊಂಡು ಲಾನ್ ಬೌಲ್ಸ್ ನೋಡೋಕೆ. ಅಲ್ಲಿ ಸಿಗೋಣ ಅಂತ ಬರೆದಿದ್ದಾರೆ. ಇಬ್ಬರೂ ಬನ್ನಿ ಅಂದಿದ್ದಾರೆ.”

ಕಾಗದ ಇಸಿದುಕೊಂಡು ನಾನೇ ಎರಡು ಸಲ ಓದಿದೆ. ಕಾರ್ಡುಗಳ ಬಗ್ಗೆ ಒಂದು ಅಕ್ಷರ ಇರಲಿಲ್ಲ. ಬೈದು ಬರೆದಿದ್ದರೆ ಜಗಳಕ್ಕಾದರೂ ನಿಲ್ಲಬಹುದಿತ್ತು.

ತನ್ವಿ ಆ ಕಾಗದವನ್ನು ಗುಂಪಿನಲ್ಲಿ ಹಾಕಿದಳು. ಮೃತ್ಯುಂಜಯ, “ಬೆರಳಿನ ಸಾಕ್ಷಿ ಅಂದಮ್ಯಾಲೆ ಮುಗೀತು, ಹುಡುಗಿ ಗೆದ್ದಳು” ಎಂದು ಸೋಲೊಪ್ಪಿದರು. ನಾಗಭೂಷಣ ಅವರು ವೇಲ್ಸ್ ಪಾರ್ಟಿಗೆ ಪ್ರತ್ಯೇಕ ಪುಳಿಯೋಗರೆ ಡಬ್ಬಿ ಎಂದು ಘೋಷಿಸಿದರು. ಎಲ್ಲರೂ ಸಂತೋಷಪಟ್ಟರು. ನನಗೆ ಮಾತ್ರ ಒಂದು ತಿಂಗಳು ಸರಿಯಾಗಿ ಊಟ ಸೇರಲಿಲ್ಲ.

ಆ ದಿನ ದಿನೇಶ ಮತ್ತು ಈಶಾನ್ ಗುಂಪಿನ ಬಸ್ಸಿನಲ್ಲಿ ಹಾಕಿಗೆ ಹೋದರು. ನಾನು, ತನ್ವಿ ಕಾರಿನಲ್ಲಿ ಹೊರಟೆವು. ಅವಳು ಕೆನ್ನೆಯ ಮೇಲೆ ವೇಲ್ಸ್ ಬಾವುಟದ ಕೆಂಪು ಡ್ರ್ಯಾಗನ್ ಬಿಡಿಸಿಕೊಂಡಿದ್ದಳು. ಎಂ ಅರವತ್ತೆರಡು ಹೆದ್ದಾರಿಯಲ್ಲಿ ಬೆಟ್ಟ ಹತ್ತುವಾಗ ನನಗೆ ತಡೆಯಲಾಗಲಿಲ್ಲ. ಆಕೆಯ ಬಾಯಿಂದ ಕೇಳುವ ಬದಲು ನನ್ನ ಬಾಯಿಂದಲೇ ಕೇಳಲಿ ಎನಿಸಿತು. ರಸ್ತೆ ನೋಡುತ್ತಲೇ ಎಲ್ಲ ಹೇಳಿಬಿಟ್ಟೆ, ಮುಖ ತಿರುಗಿಸಿದ್ದು, ಬಿಟ್ಟುಬಂದದ್ದು, ಕಾರ್ಡು.

ಅವಳು ನನ್ನ ಕಡೆ ತಿರುಗಿ ಕೂತಳು.

“ಕಾರ್ಡು ನನ್ನ ಹೆಸರಿಗೆ ಬಂದಿತ್ತಾ?”

“ಹೂಂ.”

“ನಾನು ಪಕ್ಕದ ರೂಮಲ್ಲಿ ಇದ್ದಾಗ, ಇಲ್ಲಿ ಅಂಥವರು ಯಾರೂ ಇಲ್ಲ ಅಂತ ಬರೆದ್ಯಾ?”

“ಹೂಂ.”

“ಮೂರು ಸಲ?”

“ಆಗ ನನಗೆ ಬುದ್ಧಿ ಇರಲಿಲ್ಲ ಕಣೇ. ನಿನ್ನನ್ನ ಎಲ್ಲಿ ಕಳ್ಕೋತೀನೋ ಅಂತ…”

“ಅಲ್ಲಿ ನಾನು ನಿನ್ನ ಜೊತೆ ನಿಲ್ಲಲ್ಲ,” ಎಂದಳು. “ನಿನ್ನ ಮಗಳು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗತ್ತೆ.” ಮ್ಯಾಂಚೆಸ್ಟರ್ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಳು.

ನನಗೆ ಕೂಗಾಡಲು ಬಾಯಿ ಬರಲಿಲ್ಲ. ಏನೆಂದು ಕೂಗಾಡಲಿ?

ಹೀಟನ್ ಪಾರ್ಕಿನಲ್ಲಿ ಬೌಲ್ಸ್. ಕತ್ತರಿಸಿದ ಹುಲ್ಲಿನ ಮೇಲೆ ಭಾರದ ಚೆಂಡನ್ನು ಮೆಲ್ಲಗೆ ಉರುಳಿಸಿ, ದೂರದ ಒಂದು ಸಣ್ಣ ಬಿಳಿ ಚೆಂಡಿಗೆ ಹತ್ತಿರ ತರುವ ಆಟ. ನೋಡುವವರು ಪೂಜೆಗೆ ಕೂತವರಂತೆ ಮೌನವಾಗಿದ್ದರು. ವೇಲ್ಸ್ ಹೆಂಗಸರಿಗೂ ಸ್ಕಾಟ್ಲೆಂಡಿನವರಿಗೂ ಪಂದ್ಯ ನಡೆದಿತ್ತು. ತನ್ವಿ ಬಿರಬಿರನೆ ಮುಂದೆ ನಡೆದಳು. ನಾನು ಹತ್ತು ಹೆಜ್ಜೆ ಹಿಂದೆ ಬಂದೆ.

ಚರ್ಚಿನ ಹೆಂಗಸರ ಕೆಂಪು ಟೋಪಿಗಳ ಸಾಲಿನ ತುದಿಯಲ್ಲಿ ಮಿಸೆಸ್ ಪ್ರಿಚರ್ಡ್ ಕೂತಿದ್ದರು. ಕುಗ್ಗಿಹೋಗಿದ್ದರು, ಕೈಗೆ ಕೋಲು ಬಂದಿತ್ತು. ತನ್ವಿಯನ್ನು ನೋಡಿದ ಕೂಡಲೇ ಗುರುತಿಸಿ ಎರಡೂ ಕೆನ್ನೆ ಹಿಡಿದರು. ಡ್ರ್ಯಾಗನ್ ಅಳಿಸಿ ಅಂಗೈಗೆಲ್ಲ ಕೆಂಪಾಯಿತು. ಇಬ್ಬರೂ ನಕ್ಕರು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡ ಮೇಲೆ ಆಕೆ ತಲೆ ಎತ್ತಿ ನನಗಾಗಿ ಹುಡುಕಿದರು.

ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, “ಮಿಸೆಸ್ ಪ್ರಿಚರ್ಡ್, ಆ ಕಾರ್ಡುಗಳನ್ನ ವಾಪಸ್ ಕಳಿಸಿದ್ದು ನಾನೇ.”

“ಗೊತ್ತು ಡಾಕ್ಟರ್ ಬಾಖ್. ಹಾಲಿನ ಚೀಟಿ ವರ್ಷವಿಡೀ ಓದಿದವಳು ನಾನು, ನಿನ್ನ ಅಕ್ಷರ ನನಗೆ ಗೊತ್ತಾಗಲ್ವಾ?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಕೈ ಹಿಡಿದು ಎಳೆದು ಇನ್ನೊಂದು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. “ಬೇಜಾರಾಗಿದ್ದು ಒಂದಕ್ಕೇ. ನೀನು ಒಡೆದು ನೋಡಲಿಲ್ಲ. ಒಳಗೆ ನಿನಗೂ ಒಂದು ಕಾಗದ ಇತ್ತು.”

“ನನಗಾ?”

“ಮತ್ತೆ? ಮಗುಗೇನು, ಅದು ಗುಂಡುಗುಂಡಗಿತ್ತು, ಅದರ ಚಿಂತೆ ನನಗಿರಲಿಲ್ಲ. ನಿನ್ನದೇ ಚಿಂತೆ. ಮೆಟ್ಟಿಲ ಮೇಲೆ ಕೂತಲ್ಲೇ ನಿದ್ದೆ ಹೋಗ್ತಿದ್ದೆ, ಶೂ ಹಾಕ್ಕೊಂಡೇ. ಆ ಊರಲ್ಲಿ ನಿನಗೆ ಯಾರಿದ್ದಾರೆ, ಯಾರು ಬಡಿಸ್ತಾರೆ ಅಂತ ಅನ್ನಿಸ್ತಿತ್ತು. ಮೇಲಿನ ಕೋಣೆ ಬಾಡಿಗೆಗೆ ಕೊಟ್ಟಿಲ್ಲ, ಮಗು ನಾನು ನೋಡ್ಕೋತೀನಿ, ಬಂದು ಎರಡು ದಿನ ಮಲಗಿ ಹೋಗು ಅಂತ ಬರೆದಿದ್ದೆ. ಮೂರು ಸಲನೂ ಅದನ್ನೇ ಬರೆದೆ.” ನನ್ನ ಮುಖವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಕಣ್ಣು ಕಿರಿದು ಮಾಡಿ ನೋಡಿದರು. “ಈಗಲಾದರೂ ಸರಿಯಾಗಿ ನಿದ್ದೆ ಮಾಡ್ತೀಯಾ?”

ಹದಿನಾರು ವರ್ಷ ನಾನು ಆಕೆ ನನ್ನ ಮಗಳಿಗಾಗಿ ಕೊರಗುತ್ತಿದ್ದಾರೆ ಎಂದುಕೊಂಡು, ಗೆದ್ದೆ ಎಂದುಕೊಂಡು, ಆಮೇಲೆ ತಪ್ಪು ಮಾಡಿದೆ ಎಂದುಕೊಂಡು ಬದುಕಿದ್ದೆ. ಆಕೆ ನನಗಾಗಿ ಕೋಣೆ ಖಾಲಿ ಇಟ್ಟುಕೊಂಡು ಕಾದಿದ್ದರು. ನನ್ನ ತಾಯಿ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ. ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ, ಗೊಳೋ ಎಂದು ದನಿ ತೆಗೆದು ಅತ್ತುಬಿಟ್ಟೆ.

ಆ ಮೌನದಲ್ಲಿ ಅದು ಇಡೀ ಮೈದಾನಕ್ಕೆ ಕೇಳಿಸಿತು. ಜನ ತಿರುಗಿ ನೋಡಿದರು. ಚೆಂಡು ಉರುಳಿಸಲು ಬಗ್ಗಿದ್ದ ಸ್ಕಾಟ್ಲೆಂಡಿನ ಹೆಂಗಸು ಚೆಂಡು ಹಿಡಿದುಕೊಂಡೇ ನೆಟ್ಟಗೆ ನಿಂತು ಕಾದಳು. ಕೊರಳಿಗೆ ಬ್ಯಾಡ್ಜ್ ಹಾಕಿಕೊಂಡ ಒಬ್ಬ ಸ್ವಯಂಸೇವಕ ತುದಿಗಾಲಿನಲ್ಲಿ ಓಡಿಬಂದ. ಆತ ನನ್ನನ್ನು ನೋಡಿದ, ಕೆಂಪು ಟೋಪಿಯ ಹೆಂಗಸರನ್ನು ನೋಡಿದ, ನನ್ನ ಸೀರೆ ನೋಡಿದ, ಯಾರಿಗೆ ಸೇರಿದವಳು ಎಂದು ಅವನಿಗೆ ತಿಳಿಯಲಿಲ್ಲ.

“ಕ್ಷಮಿಸಿ,” ಎಂದು ಪಿಸುಗುಟ್ಟಿದ, “ಈ ಮಹಿಳೆ ಯಾರ ಜೊತೆ ಬಂದಿದ್ದಾರೆ?”

ನಾನು ಮುಖ ಮುಚ್ಚಿಕೊಂಡಿದ್ದೆ. ಕುರ್ಚಿ ಸರಿದ ಸದ್ದಾಯಿತು. ಯಾರೋ ಬಂದು ನನ್ನ ಪಕ್ಕದಲ್ಲಿ ನಿಂತು ಭುಜದ ಮೇಲೆ ಕೈ ಇಟ್ಟರು.

“ನನ್ನ ಜೊತೆ,” ಎಂದಳು ತನ್ವಿ. “ಇವರು ನನ್ನ ಅಮ್ಮ.”